ಮಂಚದ ಮೇಲೆ ಕೂತು ಅತ್ತವರು

ಕಾಣೆಯಾದ ಮಕ್ಕಳನ್ನು ಹುಡುಕುವ ವಿಶೇಷ ಪೊಲೀಸ್ ದಳದಲ್ಲಿ ಒಬ್ಬೊಬ್ಬರದು ಒಂದೊಂದು ವಿದ್ಯೆ. ಒಬ್ಬ ಡ್ರೋನ್ ಹಾರಿಸುತ್ತಾನೆ, ಒಬ್ಬ ನಾಯಿ ನಡೆಸುತ್ತಾನೆ, ಇಬ್ಬರು ನೀರಿಗೆ ಧುಮುಕುತ್ತಾರೆ. ಹತ್ತೊಂಬತ್ತು ವರ್ಷ ಸರ್ವೀಸಾದ ಈ ಮಹಿಳಾ ಪೇದೆಯ ಪಾಲಿಗೆ ಬಂದದ್ದು ಮಗು ಕಳೆದ ಮನೆಯನ್ನೇ ಜಾಲಾಡುವ ಕೆಲಸ. ಬೀರು, ಅಟ್ಟ, ನೀರಿನ ಡ್ರಮ್ಮು, ಮಗು ಹಿಡಿಸುವ ಯಾವ ಜಾಗವನ್ನೂ ಬಿಡುವಂತಿಲ್ಲ. ದಳದವರು ಅವಳಿಗೆ 'ಬೀರು ಅಕ್ಕ' ಎಂದು ಹೆಸರಿಟ್ಟಿದ್ದರು. ಮನೆಯವರು ಇಡುತ್ತಿದ್ದ ಹೆಸರುಗಳು ಇದಕ್ಕಿಂತ ಕೆಟ್ಟವು. ಸಂಕಟದ ಹೊತ್ತಿನಲ್ಲಿ ಮಾಸಿದ ಬಟ್ಟೆಯ ಬುಟ್ಟಿಗೆ ಕೈಹಾಕುವವಳು ಯಾರಿಗೆ ತಾನೇ ಇಷ್ಟವಾದಾಳು?

ಒಂದು ಮಧ್ಯಾಹ್ನ ಆರು ವರ್ಷದ ಹುಡುಗಿ ಕಾಣೆಯಾದಳು. ಮನೆಯ ಹಿಂದೆಯೇ ಕೆರೆ. ಇನ್ನೇನು ಬೇಕು, ಇನ್ಸ್‌ಪೆಕ್ಟರು ಇಡೀ ದಳವನ್ನು ದಡಕ್ಕೆ ಇಳಿಸಿದರು. ಟೀವಿಯವರೂ ಅಲ್ಲಿಗೇ ಬಂದರು. ಫ್ರಾಕು ಮೂಸಿದ ನಾಯಿ ಮಾತ್ರ ಮಲಗುವ ಕೋಣೆ ಬಿಟ್ಟು ಕದಲಲಿಲ್ಲ. "ದಿನಾ ಮಲಗೋ ಜಾಗ ಅಲ್ವಾ ಸಾರ್, ವಾಸನೆ ಇದ್ದೇ ಇರುತ್ತೆ," ಎಂದು ನಾಚಿಕೊಂಡ ಹವಾಲ್ದಾರ ಅದನ್ನು ಕೆರೆಯತ್ತ ದರದರನೆ ಎಳೆದೊಯ್ದ.

ಬೀರು ಅಕ್ಕ ಅಡುಗೆಮನೆ ಮುಗಿಸಿ ಆ ಕೋಣೆಗೆ ಬಂದಾಗ ಪೆಟ್ಟಿಗೆ ಮಂಚದ ಮೇಲೆ ಅಜ್ಜಿ, ಸೋದರತ್ತೆ, ಪಕ್ಕದ ಮನೆಯಾಕೆ ಸಾಲಾಗಿ ಕೂತು ಗೋಳೋ ಎಂದು ಅಳುತ್ತಿದ್ದರು. ಅವರ ಕಾಲುಗಳ ಹಿಂದೆ, ಕಂಬಳಿ ತುಂಬಿಡುವ ಆ ಮಂಚದ ಜಾರುಬಾಗಿಲು.

"ಅಮ್ಮಾ, ಸ್ವಲ್ಪ ಏಳ್ತೀರಾ? ಒಳಗೆ ನೋಡಬೇಕು."

"ನಿಮಗೆ ಕರುಳು ಅನ್ನೋದು ಇದೆಯಾ?" ಸೋದರತ್ತೆ ಸಿಡಿದಳು. "ಮಗು ನೀರಲ್ಲಿದೆಯೋ ಏನೋ ಅಂತ ನಾವು ಸಾಯ್ತಿದ್ರೆ, ನಿಮಗೆ ನಮ್ಮ ಕಂಬಳಿ ನೋಡೋ ಆಸೆ!"

"ಬೈಯಿರಿ ತಾಯಿ. ಎದ್ದು ನಿಂತ್ಕೊಂಡು ಬೈಯಿರಿ."

ಅಜ್ಜಿ ಮೊದಲು ಎದ್ದಳು, ಉಳಿದವರು ಗೊಣಗುತ್ತ ಎದ್ದರು. ಮೂವರ ಭಾರಕ್ಕೆ ಹಲಗೆ ಬಾಗಿ ಬಿಗಿದುಕೊಂಡಿದ್ದ ಬಾಗಿಲು ಈಗ ಸರಕ್ಕನೆ ಸರಿಯಿತು. ಒಳಗೆ ಬೆವರಿನಲ್ಲಿ ತೊಯ್ದು ತೊಪ್ಪೆಯಾದ ಹುಡುಗಿ. ಹೊಸ ಪರದೆಗೆ ಕತ್ತರಿ ಹಾಕಿ, ಹೆದರಿ ಅವಿತವಳು.

"ನಾನು ಎಷ್ಟು ಕೂಗ್ದೆ," ಎಂದಳು ಬಿಕ್ಕುತ್ತ. "ನೀವೆಲ್ಲ ಜೋರಾಗಿ ಅಳ್ತಾ ಇದ್ರಿ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದನ್ನು ಬೀರು ಅಕ್ಕ ಬೇಕಾದಷ್ಟು ಕಂಡಿದ್ದಳು. ಕೂಸಿನ ಮೇಲೇ ಕೂತು ಅತ್ತವರನ್ನು ಕಂಡದ್ದು ಇದೇ ಮೊದಲು. ಆದರೆ ನಗು ಬರಲಿಲ್ಲ. ಇನ್ನರ್ಧ ಗಂಟೆ ತಡವಾಗಿದ್ದರೆ? ಹುಡುಗಿಗೆ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಹುಡುಗಿ ಅವಳ ಅಂಗಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಒಂದು ಗುಂಡಿಯೇ ಕಿತ್ತುಬಂತು.

ಮರುದಿನ ಬೀರು ಅಕ್ಕ ತನ್ನ ಮನೆಯಲ್ಲಿ ಆ ಗುಂಡಿ ಹೊಲಿಯುತ್ತ ಕೂತಿದ್ದಾಗ ಅವಳ ಅತ್ತೆ ಪೇಪರು ಬಿಡಿಸಿದರು. ಕೆರೆಯ ದಡದಲ್ಲಿ ನಿಂತ ಇನ್ಸ್‌ಪೆಕ್ಟರ ಫೋಟೋ, ಕೆಳಗೆ ಮಿಂಚಿನ ಕಾರ್ಯಾಚರಣೆಯ ವರ್ಣನೆ.

"ನಿಮ್ಮವರೆಲ್ಲ ಎಷ್ಟು ಕಷ್ಟಪಟ್ಟಿದ್ದಾರೆ ನೋಡೇ! ನೀನೆಲ್ಲಿದ್ದೆ ಆಗ?"

"ಆ ಮನೆಯೊಳಗಿದ್ದೆ ಅತ್ತೆ."

"ಒಳ್ಳೇದಾಯ್ತು ಬಿಡು," ಎಂದರು ಅತ್ತೆ, ನಿಜವಾದ ಅಕ್ಕರೆಯಿಂದ. "ಕೆರೆ ಕಡೆ ಸುಡುಬಿಸಿಲು."