ಅಣ್ಣನ ಮುಖದ ಬಣ್ಣ

ಅರಸೀಕೆರೆಯಲ್ಲಿ ಬಹಳ ವರ್ಷ ದೇವರ ಪಟಗಳಿಗೂ ಮದುವೆ ಫೋಟೋಗಳಿಗೂ ಕಟ್ಟು ಹಾಕಿಕೊಟ್ಟವನು ನಾನು. ಓದಿದ್ದು ಹೈಸ್ಕೂಲಿನವರೆಗೆ. ಆದರೆ ಬಣ್ಣದ ವಿಷಯದಲ್ಲಿ ನನ್ನ ಕಣ್ಣಿಗೆ ಎದುರು ಹೇಳುವವರಿಲ್ಲ ಎಂಬ ಜಂಬವಿತ್ತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಅಂಗಡಿ ಬಿಟ್ಟು, ಮನೆಯಲ್ಲೇ ಕಂಪ್ಯೂಟರ್ ಮತ್ತು ಬಣ್ಣದ ಪ್ರಿಂಟರ್ ಇಟ್ಟುಕೊಂಡೆ. ಆ ಜಂಬದಲ್ಲಿ ಅತ್ತಿಗೆಯ ಮನಸ್ಸು ನೋಯಿಸಿದೆ. ಅದನ್ನು ಹೇಳಿಕೊಳ್ಳಬೇಕು.

ನಮ್ಮಣ್ಣ ಕಣಕಟ್ಟೆಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದವನು. ಫೋಟೋ ಎಂದರೆ ದೂರ ಓಡುವ ಮನುಷ್ಯ. ಒಮ್ಮೆ ಹಳೇಬೀಡಿಗೆ ಹೋದಾಗ ದೇವಸ್ಥಾನದ ಗೋಡೆಯ ಪಕ್ಕ ಹಿಡಿದು ನಿಲ್ಲಿಸಿ ನನ್ನ ಡಿಜಿಟಲ್ ಕ್ಯಾಮೆರಾದಲ್ಲಿ ಒಂದು ತೆಗೆದಿದ್ದೆ. ಅವನು ತೀರಿಕೊಂಡ ಮೇಲೆ ಅತ್ತಿಗೆ, "ಅದ್ನೇ ದೊಡ್ಡದು ಮಾಡ್ಕೊಡಪ್ಪ, ಗೋಡೆಗೆ ಹಾಕ್ಕೊತೀನಿ" ಎಂದರು.

ಪ್ರಿಂಟ್ ತೆಗೆದೆ. ಅಣ್ಣನ ಮುಖ ಅರಿಶಿನ ಬಳಿದಂತೆ ಕಂಡಿತು. ಕಂಪ್ಯೂಟರಿನಲ್ಲಿ ಹಳದಿ ಇಳಿಸಿ ನೀಲಿ ಏರಿಸಿದೆ. ಪರದೆಯ ಮೇಲೆ ಒಂದು ಬಣ್ಣ, ಕಾಗದದ ಮೇಲೆ ಇನ್ನೊಂದು. ಟ್ಯೂಬ್‌ಲೈಟಿನ ಕೆಳಗೆ ಸರಿ ಎನಿಸಿದ್ದು ಅಂಗಳಕ್ಕೆ ಒಯ್ದರೆ ಬೇರೆಯಾಗುತ್ತಿತ್ತು. ಶಾಯಿ ಒಣಗಿದ ಮೇಲೆ ಮತ್ತೂ ಬೇರೆ.

"ಮೊದಲ್ನೇದೇ ಚೆನ್ನಾಗಿತ್ತು ಕಣ್ರೀ" ಎಂದಳು ನನ್ನ ಹೆಂಡತಿ.

"ನಿಂಗೆ ಕಣ್ಣು ಸರಿ ಇಲ್ಲ. ಹೋಗಿ ತೋರಿಸ್ಕೊ" ಎಂದೆ.

ಅಣ್ಣನ ಬಣ್ಣವನ್ನು ನೋಡಿ ಬರಲಾಗದು, ಫೋಟೋದಲ್ಲಿ ಅವನ ಪಕ್ಕ ಇರುವ ಗೋಡೆಯ ಕಲ್ಲು ಇದ್ದಲ್ಲೇ ಇದೆಯಲ್ಲ ಎಂದುಕೊಂಡು ಪ್ರಿಂಟ್ ಹಿಡಿದು ಹಳೇಬೀಡಿನ ಬಸ್ಸು ಹತ್ತಿದೆ. ಗೋಡೆಗೆ ಒತ್ತಿ ಹಿಡಿದು ನೋಡುತ್ತಿದ್ದಾಗ ಒಬ್ಬ ಗೈಡು, "ಏನ್ ಯಜಮಾನ್ರೇ, ಫೋಟೋ ಹಿಡ್ಕೊಂಡು ಕಲ್ಲಿಗೂ ಗಂಡು ತೋರಿಸ್ತಿದೀರಾ?" ಎಂದ. ಸುತ್ತ ಇದ್ದವರು ನಕ್ಕರು. ಬೆಳಿಗ್ಗೆ ಹಸಿರು ಬೆರೆತ ಬೂದಿಯಂತಿದ್ದ ಕಲ್ಲು ಬಿಸಿಲು ಇಳಿಯುವ ಹೊತ್ತಿಗೆ ಜೇನಿನಂತಾಯಿತು. ಯಾವುದಕ್ಕೆ ಹೊಂದಿಸಲಿ? ಹೋದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತು ವಾಪಸು ಬಂದೆ. ಕೊನೆಗೆ ನನ್ನ ಕಣ್ಣಿಗೆ ಒಪ್ಪಿದ್ದಕ್ಕೆ ಕಟ್ಟು ಹಾಕಿ, ಅಣ್ಣ ಹೋಗಿ ವರ್ಷ ತುಂಬಿದ ದಿನ ಕಣಕಟ್ಟೆಗೆ ತೆಗೆದುಕೊಂಡು ಹೋದೆ.

ಅತ್ತಿಗೆ ಫೋಟೋ ಕೈಗೆ ತೆಗೆದುಕೊಂಡು ನೋಡಿದರು. "ಇದ್ಯಾಕಪ್ಪ ಹಿಂಗೆ ನೀಲಿಗಟ್ಟೈತೆ? ಆಸ್ಪತ್ರೆಯಿಂದ ತಂದಾಗ ಹಿಂಗಿದ್ರು. ಇದು ಬ್ಯಾಡ."

ನೆಂಟರೆಲ್ಲ ಕೂತಿದ್ದರು. ನನಗೆ ಅವಮಾನವಾಯಿತು. "ಬಣ್ಣ ಸರಿಯಾಗೇ ಇದೆ. ನಿಮಗೆ ಅಣ್ಣನ ಮುಖವೇ ಮರ್ತೋಗಿದೆ, ಅಷ್ಟೇ" ಎಂದುಬಿಟ್ಟೆ. ಅತ್ತಿಗೆ ಫೋಟೋವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಆಮೇಲೆ ಅರಸೀಕೆರೆಗೆ ಬಂದರೂ ನಮ್ಮ ಮನೆಯ ಕಡೆ ತಿರುಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನನಗೇ ಬಸ್ಸಿನ ಬೋರ್ಡು ಕಾಣದಂತಾಯಿತು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಮೊದಲು ಬಲಗಣ್ಣಿಗೆ ಆಪರೇಷನ್ ಮಾಡಿದರು. ಪಟ್ಟಿ ಬಿಚ್ಚಿದಾಗ ಬಲಗಣ್ಣಿಗೆ ಗೋಡೆ ಸುಣ್ಣದಂತೆ ಬೆಳ್ಳಗೆ ಕಂಡಿತು. ಅದನ್ನು ಮುಚ್ಚಿ ಎಡಗಣ್ಣಿನಿಂದ ನೋಡಿದರೆ ಅದೇ ಗೋಡೆ ಟೀ ಚೆಲ್ಲಿದ ಪಂಚೆಯ ಹಾಗಿತ್ತು.

"ಡಾಕ್ಟ್ರೇ, ಯಾವುದು ನಿಜವಾದ ಬಣ್ಣ?"

"ಹೊಸ ಕಣ್ಣಿಂದು. ಪೊರೆ ಬಂದಿದ್ದಕ್ಕೆ ಇಷ್ಟು ದಿನ ಎಲ್ಲಾ ಹಳದಿಯಾಗಿ ಕಾಣ್ತಿತ್ತು ನಿಮಗೆ."

ಮನೆಗೆ ಬಂದು ಅಟ್ಟದ ಮೇಲಿದ್ದ ಫೋಟೋ ಇಳಿಸಿದೆ. ಎಡಗಣ್ಣಿಗೆ ನನ್ನ ಅಣ್ಣ. ಬಲಗಣ್ಣಿಗೆ, ಆಂಬುಲೆನ್ಸಿನಿಂದ ಇಳಿಸಿದ ಅಣ್ಣ. ಅತ್ತಿಗೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಾಗಿದ್ದರೂ ಕಣಕಟ್ಟೆಗೆ ಹೋಗಲು ನನ್ನ ಕಾಲು ಏಳಲಿಲ್ಲ. "ಇಂಕಿನ ತಪ್ಪು" ಎಂದು ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ. ಮುಂದಿನ ಸಂತೆಯ ದಿನ ತಾನೇ ಹೋಗಿ ಅತ್ತಿಗೆಯನ್ನು ಕರೆದುಕೊಂಡು ಬಂದಳು.

ಅತ್ತಿಗೆಯನ್ನು ಕಂಪ್ಯೂಟರಿನ ಪಕ್ಕ ಕೂರಿಸಿದೆ. "ನೀವು ಹೇಳಿ, ನಾನು ಮಾಡ್ತೀನಿ" ಎಂದೆ. ಮೊದಲ ಪ್ರಿಂಟ್ ಬಂತು. ಅದನ್ನು ಕಿಟಕಿಯ ಹತ್ತಿರ ಒಯ್ದು, "ಎಲ್ಲಿ, ನಿನ್ನ ಕೈ ಇಡು" ಎಂದರು. ನನ್ನ ತೋಳಿನ ಪಕ್ಕ ಕಾಗದ ಹಿಡಿದು ನೋಡಿದರು. "ನೀನು ನೆರಳಲ್ಲಿ ಕೂತು ಕಟ್ಟು ಹಾಕ್ದೋನು. ಅವ್ರು ಬಿಸಿಲಲ್ಲಿ ಬೆಂದೋರು. ಇನ್ನೊಸಿ ಕಪ್ಪು ಬರ್ಲಿ." ಕಪ್ಪು ಹೆಚ್ಚಿಸಿದೆ. "ಈಗ ಕೆಂಪು ಸಾಲ್ದು." ಕೆಂಪು ಹೆಚ್ಚಿಸಿದೆ.

"ಅಕ್ಕ, ಹಿಂಗೇ ಬಿಟ್ರೆ ಇವ್ರು ಭಾವನಿಗೆ ಮೀಸೇನೂ ತಿರುವ್ತಾರೆ" ಎಂದಳು ನನ್ನ ಹೆಂಡತಿ. ಅತ್ತಿಗೆ ನಕ್ಕರು.

ಕೊನೆಗೆ ಒಂದನ್ನು ಹಿಡಿದು, "ಇವ್ರೇ" ಎಂದರು. ನನ್ನ ಬಲಗಣ್ಣಿಗೆ ಅದು ಅತಿಯಾಗಿ ಕೆಂಪಾಗಿ, ಕಪ್ಪಾಗಿ ಕಂಡಿತು. ಎಡಗಣ್ಣಿಗೂ ಅಣ್ಣನಂತೆ ಕಾಣಲಿಲ್ಲ. ಆದರೆ ನನ್ನ ಯಾವ ಕಣ್ಣನ್ನು ನಾನು ನಂಬಲಿ? ಅವರು ಆರಿಸಿದ್ದಕ್ಕೇ ಕಟ್ಟು ಹಾಕಿಕೊಟ್ಟೆ.

ಬಸ್‌ಸ್ಟ್ಯಾಂಡಿನಲ್ಲಿ ಕಣಕಟ್ಟೆಯ ಬಸ್ಸಿಗೆ ಕಾಯುವಾಗ ಬಾಯಿ ಬಿಟ್ಟೆ. "ಅತ್ತಿಗೆ, ಕೆಟ್ಟಿದ್ದು ನನ್ನ ಕಣ್ಣು. ಅವತ್ತು ನಿಮಗೆ ಹಂಗನ್ನಬಾರದಿತ್ತು."

"ಏನಂದೆ?"

"ಅಣ್ಣನ ಮುಖ ಮರ್ತೋಗಿದೆ ಅಂದೆನಲ್ಲ, ಎಲ್ಲರ ಮುಂದೆ."

ಅತ್ತಿಗೆ ಫೋಟೋವನ್ನು ಸೆರಗಿನೊಳಗೆ ಸರಿಸಿಕೊಂಡು ರಸ್ತೆ ನೋಡುತ್ತಾ ಹೇಳಿದರು: "ನೀನಂದಿದ್ದು ನಿಜಾನೇ ಕಣಪ್ಪ. ಆವಾಗ್ಲೇ ಮರೀತಾ ಬಂದಿತ್ತು. ಅದಕ್ಕೇ ಅಲ್ವಾ ಫೋಟೋ ಕೇಳಿದ್ದು."

ಬಸ್ಸು ಬಂತು. ಹತ್ತಿಸಿ ಸೀಟು ಹಿಡಿದುಕೊಟ್ಟೆ. ಅವರು ಆರಿಸಿದ್ದು ಅಣ್ಣನ ಬಣ್ಣವೋ, ಮರೆತ ಮೇಲೆ ಅವರ ಮನಸ್ಸಿನಲ್ಲಿ ಉಳಿದ ಬಣ್ಣವೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಎಡಗಣ್ಣಿನ ಪೊರೆಯೂ ಹೋಯಿತು. ಈಗಲೂ ಗೊತ್ತಿಲ್ಲ. ಕಣಕಟ್ಟೆಗೆ ಹೋದಾಗಲೆಲ್ಲ ಗೋಡೆಯ ಮೇಲಿನ ಆ ಮುಖವನ್ನು ನೋಡಿ ನೋಡಿ, ಅಣ್ಣನನ್ನು ನೆನೆದರೆ ನನಗೂ ಈಗ ಆ ಬಣ್ಣದಲ್ಲೇ ಬರುತ್ತಾನೆ.