ಬಿಳಿ ಮಚ್ಚೆಯ ಕಾಟ್ಲಾ

ಅತ್ತಿಗೆ, ನೀವು ದಿನಾ ಸಂಜೆ ಕೆರೆಯ ಮೆಟ್ಟಿಲಲ್ಲಿ ಕೂತು ಕಾಯುವ ಆ ಮೀನು ಇನ್ನು ಬರುವುದಿಲ್ಲ. ವರ್ಷಗಳ ಹಿಂದೆಯೇ ಅದನ್ನು ನಾನು ಹಿಡಿದು ಶಿರಾಳಕೊಪ್ಪದ ಸಂತೆಯಲ್ಲಿ ಮಾರಿಬಿಟ್ಟೆ.

ಅದು ಅಣ್ಣನೇ ಎಂದು ನಂಬಿದ್ದಿರಿ ನೀವು. ಅವನ ಅಸ್ಥಿಯನ್ನು ನಮ್ಮ ಕೆರೆಗೇ ಬಿಟ್ಟೆವಲ್ಲ — ಇದೇ ನೀರಲ್ಲಿ ಬಲೆ ಹಾಕಿ ಬದುಕಿದವನಿಗೆ ಬೇರೆ ತೀರ್ಥ ಯಾಕೆ ಅಂದಿರಿ — ಆಮೇಲೆ ಆ ದೊಡ್ಡ ಕಾಟ್ಲಾ ಮೀನು ಮೆಟ್ಟಿಲ ಹತ್ತಿರ ಬರತೊಡಗಿತು. ಅಣ್ಣನ ಎಡಗೆನ್ನೆಯಲ್ಲಿದ್ದಂಥದೇ ಬಿಳಿ ಮಚ್ಚೆ ಅದಕ್ಕೂ. “ಬರ್ರೀ, ಊಟಕ್ಕೆ ಬರ್ರೀ” ಎಂದು ಅವನನ್ನು ಕರೆಯುತ್ತಿದ್ದ ದನಿಯಲ್ಲೇ ಕರೆಯುತ್ತಿದ್ದಿರಿ. ಬಂದು, ನಿಮ್ಮ ಕೈಯಿಂದಲೇ ಅನ್ನ ತಿನ್ನುತ್ತಿತ್ತು. ನಾನು ಹಿಂದೆ ನಿಂತು ನಗುತ್ತಿದ್ದೆ.

ಆ ದಿನ ದೊಡ್ಡ ಮೀನೇ ಕೊಡುತ್ತೇನೆಂದು ಗಿರಾಕಿಗೆ ಮಾತು ಕೊಟ್ಟಿದ್ದೆ. ಬಲೆಗೆ ಬಿದ್ದದ್ದೆಲ್ಲ ಪುಡಿಮೀನು. ನೀವು ತವರಿಗೆಂದು ಉಳವಿಗೆ ಹೋಗಿದ್ದಿರಿ. ನಿಮ್ಮ ಮೆಟ್ಟಿಲಲ್ಲೇ ಕೂತೆ, ಅನ್ನ ಹಿಡಿದೆ. ತಮಾಷೆಗೆಂದು — ಅಲ್ಲ, ಬರಲಿ ಅಂತಲೇ — ಕರೆದೆ: “ಅಣ್ಣಾ, ಬಾರೋ.”

ಬಂತು. ಕೈಬಲೆಯೊಳಗೆ ತಾನಾಗಿಯೇ ಬಂದು ನಿಂತಿತು. ಅಷ್ಟು ದೊಡ್ಡ ಮೀನು ಒದ್ದಾಡದೆ ನೀರಿನಿಂದ ಮೇಲೆ ಬಂದದ್ದನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಆಗಲೂ ಬಿಡಬಹುದಿತ್ತು. ಬಿಡಲಿಲ್ಲ.

ಮೊನ್ನೆ ನನ್ನ ಮಗಳು ಮೊಬೈಲಿನಲ್ಲಿ ಹವಾಯಿ ದ್ವೀಪದ ಶಾರ್ಕ್ ದೇವರುಗಳ ಕಥೆ ಕೇಳಿಸಿದಳಲ್ಲ. ಸತ್ತವರ ಎಲುಬನ್ನು ಬಟ್ಟೆಯಲ್ಲಿ ಸುತ್ತಿ ಕಡಲಿಗೆ ಒಪ್ಪಿಸುತ್ತಿದ್ದರಂತೆ. ಆ ಸತ್ತವರು ಶಾರ್ಕ್ ಆಗಿ ಮರಳಿ ಬರುತ್ತಿದ್ದರಂತೆ. ಮೈಮೇಲಿನ ಗುರುತು ನೋಡಿ, ಇವನು ನಮ್ಮವನೇ ಎಂದು ಮನೆಯವರು ಉಣಿಸುತ್ತಿದ್ದರಂತೆ. ಉಂಡ ಋಣಕ್ಕೆ ಆ ಶಾರ್ಕ್ ಅವರ ಬಲೆಗೆ ಮೀನು ಅಟ್ಟಿಕೊಡುತ್ತಿತ್ತಂತೆ. ದಾರಿ ತಪ್ಪಿದ ದೋಣಿಯ ಮುಂದೆ ಬಾಲ ಆಡಿಸುತ್ತ ದಡ ತೋರಿಸುವ ದೊಡ್ಡ ದೇವರೂ ಒಬ್ಬನಿದ್ದಾನಂತೆ. ಎಲ್ಲಿಯ ಕಡಲು, ಎಲ್ಲಿಯ ನಮ್ಮ ಕೆರೆ! ನೀವು ಮಾತ್ರ ಬೆರಗಾಗಲೇ ಇಲ್ಲ.

“ಮತ್ತೆ? ಮನೆಯೋರು ಮನೆ ಬಿಟ್ಟು ಎಲ್ಲಿಗೆ ಹೋಗ್ತಾರೋ ತಮ್ಮಾ?” ಅಂದಿರಿ. ಆಮೇಲೆ ದನಿ ತಗ್ಗಿಸಿ, “ನಮ್ಮೋರೇ ಯಾಕೋ ನನ್ ಮ್ಯಾಲೆ ಮುನಿಸ್ಕಂಡಾರೆ. ನಾನೇನು ತಪ್ಪು ಮಾಡಿದ್ನೋ ಏನೋ.”

ಮೀನು ಮಾರಿದ ಮೇಲೆ ಆ ಮೆಟ್ಟಿಲ ಕಡೆ ನಾನು ಬಲೆ ಹಾಕುವುದನ್ನು ಬಿಟ್ಟಾಗ, ಮೈದುನನಿಗೆ ಅಣ್ಣನ ಮೇಲೆ ಎಂಥ ಭಕ್ತಿ ಎಂದು ಊರಿಗೆಲ್ಲ ಹೇಳಿದಿರಿ. ಭಯ, ಅತ್ತಿಗೆ. ಅದು ಬರೀ ಮೀನೋ, ಅಣ್ಣನೋ — ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿದರೆ ನಿಮ್ಮ ಗಂಡನನ್ನು ಎರಡನೆಯ ಸಲ ಕಿತ್ತುಕೊಂಡಂತೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಆದರೆ ತಪ್ಪು ನಿಮ್ಮದೆಂದು ನೀವು ಕೊರಗುವಾಗ —

ಇವತ್ತು ಸಂಜೆ ನಿಮ್ಮ ಪಕ್ಕ ಕೂತು ಇಷ್ಟನ್ನೂ ಹೇಳುತ್ತೇನೆ. ಆಮೇಲೆ ನಿಮ್ಮ ಮನೆಯ ಬಾಗಿಲು ನನಗೆ ಮುಚ್ಚಿದರೆ ಮುಚ್ಚಲಿ. ಅವನು ಮುನಿಸಿಕೊಂಡಿಲ್ಲ, ಅತ್ತಿಗೆ. ಕರೆದರೆ ಬರುತ್ತಿದ್ದ. ನಾನು ಕರೆದಾಗಲೂ ಬಂದ.