ಹಿಂದಿನ ಸೀಟಿನ ಮಾತು

ನಮ್ಮ ಹಳೆಯ ಪೆಟ್ರೋಲ್ ಬೈಕಿನ ಮೇಲೆ ನನಗೆ ಸಿಟ್ಟಿಲ್ಲ. ಮದುವೆಯಾಗಿ ಕರಜಗಿಗೆ ಬಂದಾಗಿನಿಂದ ನನ್ನನ್ನು ಅಫಜಲಪುರದ ಶಾಲೆಗೆ ಒಯ್ದು ಬಿಟ್ಟದ್ದು, ಸಂಜೆ ಪಾಠ ಮುಗಿಸಿ ನಿಂತವಳನ್ನು ಮನೆಗೆ ಮುಟ್ಟಿಸಿದ್ದು ಅದೇ. ಎರಡು ಚೀಲ ಗೊಬ್ಬರ ಹೇರಿದರೂ ಗೊಣಗದೆ ಎರೆಮಣ್ಣಿನ ಹೊಲದ ದಾರಿ ದಾಟುತ್ತಿತ್ತು. ಟಾಕಿ ಖಾಲಿಯಾದರೆ ಬಂಕಿನಲ್ಲಿ ತುಸು ನಿಂತು ಮತ್ತೆ ಹೊರಟುಬಿಡುತ್ತಿತ್ತು. ಇದನ್ನೆಲ್ಲ ಇಲ್ಲವೆನ್ನಲು ನಾನೇನು ಉಂಡ ಮನೆಯನ್ನು ಮರೆಯುವವಳಲ್ಲ. ಆದರೆ ಅದಕ್ಕೆ ಬಾಯಿ ಬಹಳ. ಅದು ಮಾತಾಡುವಾಗ ಬೇರೆ ಯಾರೂ ಮಾತಾಡುವಂತಿರಲಿಲ್ಲ.

ನಮ್ಮದು ಕೂಡು ಕುಟುಂಬ. ಅತ್ತೆ, ಮಾವ, ಭಾವ, ನೆಗೆಣ್ಣಿ, ಮಕ್ಕಳು, ಬಂದು ಹೋಗುವವರು. ಹಿರಿಯರೆದುರು ಗಂಡ ಹೆಂಡತಿ ಮಾತಿಗೆ ನಿಲ್ಲುವುದು ಈ ಮನೆಯ ರೂಢಿಯಲ್ಲ. ಊಟಕ್ಕೆ ಕರೆಯಬೇಕಾದರೂ ನಾನು ಮಗಳ ಬಾಯಿಂದ ಹೇಳಿಸುತ್ತೇನೆ. ಮಲಗುವಾಗ ನಡುವೆ ಮಕ್ಕಳು, ಗೋಡೆಯಾಚೆ ಭಾವನವರ ಕೆಮ್ಮು. ಇನ್ನು ಇಬ್ಬರೇ ಇರುವ ಜಾಗವೆಂದರೆ ಬೈಕು. ಅದರ ಮೇಲೆ ಕೂತು ನಾನು ನಮ್ಮವರ ಬೆನ್ನಿಗೆ ಏನೋ ಹೇಳುತ್ತಿದ್ದೆ, ಬೆನ್ನು "ಹಾಂ?" ಅನ್ನುತ್ತಿತ್ತು. ಒದರಿ ಹೇಳಿದರೆ ಎಂಥ ಮಾತೂ ಜಗಳದಂತೆ ಕೇಳುತ್ತದೆ. ಕಾಯಿಪಲ್ಯೆ ತರಬೇಕು ಎನ್ನುವುದನ್ನು ಒದರಬಹುದು. ಇವತ್ತು ಯಾಕೋ ಅಳು ಬರುತ್ತಿದೆ ಎನ್ನುವುದನ್ನು ಹೇಗೆ ಒದರುವುದು? ಬರಬರುತ್ತಾ ಹೇಳುವುದನ್ನೇ ಬಿಟ್ಟುಬಿಟ್ಟೆ.

ಹೋದ ವರ್ಷ ಅದರ ಎಂಜಿನ್ ಕೈಕೊಟ್ಟಿತು. ನಮ್ಮವರು ಯಾರನ್ನೂ ಕೇಳದೆ ಕಲಬುರಗಿಗೆ ಹೋಗಿ ಬ್ಯಾಟರಿ ಬೈಕು ತಂದರು. ಭಾವನವರು ಸುತ್ತು ಹಾಕಿ ನೋಡಿ, "ಇದು ಚಾಲೂ ಅದನೋ ಬಂದ್ ಅದನೋ, ಒಂದೂ ತಿಳೀವಲ್ದು" ಎಂದು ನಕ್ಕರು.

ಮರುದಿನ ಶಾಲೆಗೆ ಹೊರಟೆವು. ಗೇರಿಲ್ಲ, ಕ್ಲಚ್ಚಿಲ್ಲ, ಕಿಕ್ ಹೊಡೆದು ಬೆವರುವುದಿಲ್ಲ. ಕಾಲಿಗೆ ಸೈಲೆನ್ಸರಿನ ಚುರುಕಿಲ್ಲ, ಸೀರೆಗೆ ಪೆಟ್ರೋಲಿನ ವಾಸನೆಯಿಲ್ಲ. ಎರಡೂ ಕಡೆ ಕಬ್ಬಿನ ಗರಿಗಳು ಗಾಳಿಗೆ ಸರಸರ ಅನ್ನುವುದು ಕೇಳಿಸುತ್ತಿತ್ತು. ಇಷ್ಟು ವರ್ಷ ಓಡಾಡಿದ ದಾರಿಯಲ್ಲಿ ಇದೊಂದು ಸಪ್ಪಳವಿದೆಯೆಂದೇ ನನಗೆ ಗೊತ್ತಿರಲಿಲ್ಲ. ಹಳೇ ರೂಢಿಯಲ್ಲಿ ನಾನು ಗಂಟಲು ಹರಿಯುವಂತೆ, "ರೀ, ಸಾವಕಾಶ ಹೋಗ್ರಿ" ಎಂದು ಕೂಗಿದೆ. ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತು ನೋಡಿದರು.

"ಸಣ್ಣಗ ಹೇಳು," ಅಂದರು ನಮ್ಮವರು. "ಕೇಳಸ್ತದ."

ಅಂದಿನಿಂದ ನನ್ನ ಬಾಯಿ ಬಿಚ್ಚಿತು. ಅಚ್ಚರಿಯೆಂದರೆ, ಅವರದೂ ಬಿಚ್ಚಿತು. ನನ್ನನ್ನು ನೋಡಲು ತವರೂರು ಕೊಳಕೂರಿಗೆ ಬಂದ ದಿನ ಈ ಮನುಷ್ಯ ನಮ್ಮವ್ವ ಕೊಟ್ಟ ಚುರುಮುರಿ ಸುಸಲಾವನ್ನು ಮುಟ್ಟದೆ ಬಿಟ್ಟಿದ್ದರು. ನಮ್ಮ ಮನೆಯ ಕೈರುಚಿ ಸೇರಲಿಲ್ಲವೆಂದು ನಾನು ಅವತ್ತಿನಿಂದ ಒಳಗೊಳಗೇ ಉರಿದುಕೊಂಡಿದ್ದೆ. ಒಂದು ಸಂಜೆ ರಸ್ತೆ ನೋಡುತ್ತಲೇ ಅವರೆಂದರು: "ಅವತ್ತು ನೀ ಒಲ್ಲೆ ಅಂತಿ ಅಂತ ಹೆದರಿ ತುತ್ತು ಇಳೀಲಿಲ್ಲ ನೋಡು." ಎದುರಿಗೆ ಕೂತಿದ್ದರೆ ಈ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಮುಖ ಕಾಣದ, ಮಾತು ಮಾತ್ರ ಕೇಳುವ ಆ ಗಾಡಿಯ ಮೇಲೆ ನನಗೆ ಪ್ರೀತಿಯೇ ಹುಟ್ಟಿತು.

ಅದಕ್ಕೂ ಕುಂದಿದೆ, ಮುಚ್ಚಿಡುವುದಿಲ್ಲ. ಜೇವರ್ಗಿ ಕಡೆಯ ನನ್ನ ತವರು ಅದಕ್ಕೆ ದೂರವಾಯಿತು. ಕೊಳಕೂರಿಗೆ ಹೋಗಿ ತಿರುಗಿ ಬರುವಾಗ, ಅಲ್ಲಿ ಚಾರ್ಜಿಗೆ ಹಾಕಲು ಮರೆತಿದ್ದ ತಪ್ಪಿಗೆ, ಅರ್ಧ ದಾರಿಯಲ್ಲಿ ನಿಂತಿತು. ತಳ್ಳಿಕೊಂಡು ಒಂದು ಹಿಟ್ಟಿನ ಗಿರಣಿ ಮುಟ್ಟಿ, ಚಾರ್ಜಿಗೆ ಹಾಕಬಹುದೇ ಎಂದು ಕೇಳಿದೆವು. ಗಿರಣಿಯ ಚಾಚಾ, "ಹಚ್ಚರಿ, ಅದರಾಗೇನದ. ಚಾ ಕುಡೀರಿ" ಎಂದು ಸ್ಟೂಲು ಹಾಕಿಕೊಟ್ಟರು. ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು, ಎಲ್ಲರೂ ಗಾಬರಿಯಾಗಿ ಬಾಗಿಲಲ್ಲೇ ನಿಂತಿದ್ದರು.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಪಂಚಾಯಿತಿ ಕೂಡಿತು. ಭಾವನವರು ಕೊಳ್ಳುವ ಗಿರಾಕಿಯನ್ನೂ ಗೊತ್ತುಮಾಡಿದ್ದರು. "ಆಳಂದಕ್ಕ ಹೋಗಿ ಬರಾಕ ಆಗಂಗಿಲ್ಲ, ಜೇವರ್ಗಿಗೆ ಹೋಗಿ ಬರಾಕ ಆಗಂಗಿಲ್ಲ. ಅಂಗಳದಾಗ ಹೊಡ್ಯಾಕೇನು ಇದು? ಮಾರಿ ಪೆಟ್ರೋಲಿಂದು ತಗೊಂಬಾ." ಮಾವನವರು ಹೌದೆಂದು ತಲೆಯಾಡಿಸಿದರು. ನಾನು ಅತ್ತೆಯ ಜೊತೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಕಾರಣವನ್ನು ಮಾವನೆದುರು ಹೋಗಿ ಹೇಳುವ ಹಾಗೂ ಇರಲಿಲ್ಲ. ಮತ್ತೆ ಆ ಬೆನ್ನು, ಆ "ಹಾಂ?" ನೆನೆದು ನನಗೆ ಸಂಕಟವಾಯಿತು.

"ಯಾಕ ಸುಮ್ನ ಕುಂತಿ, ತಮ್ಮಾ? ಅಂಥಾದ್ದೇನದ ಅದರಾಗ?" ಭಾವನವರು ಕೇಳಿದರು.

ನಮ್ಮವರು ಅಂದರು: "ಅದರ ಮ್ಯಾಲ ಹೋಗುವಾಗ ಈಕಿ ಮಾತು ನನಗ ಕೇಳಸ್ತದ, ಅಣ್ಣಾ."

ನನ್ನ ಕೈ ರೊಟ್ಟಿಯ ಮೇಲೆಯೇ ನಿಂತಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಭಾವನವರು ನಕ್ಕರು. "ಮಾತಾಡಾಕ ಮನಿ ಇಲ್ಲೇನು?"

ಪಕ್ಕದಲ್ಲಿದ್ದ ಅತ್ತೆ ಕೈಯ ಹಿಟ್ಟನ್ನೂ ತೊಳೆಯದೆ ಎದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ತನಕ ಹೋಗಿ ನಿಂತರು. ಮಗನಿಗಲ್ಲ, ಮಾವನವರಿಗೇ ಹೇಳಿದರು: "ಮನ್ಯಾಗ ಯಾವಾಗ ಸಿಗ್ತದರಿ ಮಾತಾಡಾಕ? ನನಗಂತೂ ಸಿಗಲಿಲ್ಲ. ಅವರಾದ್ರೂ ಮಾತಾಡ್ಲಿ."

ಮಾವನವರು ಅತ್ತೆಯ ಮುಖವನ್ನೇ ನೋಡುತ್ತ ಕೂತರು. ಗಿರಾಕಿಗೆ ಬರಬೇಡವೆಂದು ಆಮೇಲೆ ಅವರೇ ಹೇಳಿ ಕಳಿಸಿದರು.